ಡೈನೋಸಾರ್ ಇಲ್ಲದ ನಾಡಿನ ಡೈನೋ ಅಂಕಲ್

ಹೋದ ತಿಂಗಳು ಒಂದು ಶನಿವಾರ ಬೆಳಿಗ್ಗೆ ನನ್ನ ಫೋನಿನಲ್ಲಿ ಎರಡು ಸಾಲು ಕಾಣಿಸಿದವು. ಮೊದಲನೆಯದು, ನಾನು ‘ಡೈನೋ ಯಾತ್ರೆ’ ವಾಟ್ಸಾಪ್ ಗ್ರೂಪಿನ ಅಡ್ಮಿನ್ ಆಗಿದ್ದೇನೆ ಅನ್ನುವುದು. ಎರಡನೆಯದು, ಗ್ರೂಪ್ ಕಟ್ಟಿದವರೇ ಗ್ರೂಪ್ ಬಿಟ್ಟರು ಅನ್ನುವುದು. ಒಂದು ಮಾತಿಲ್ಲ, ಕೈ ಮುಗಿಯುವ ಚಿತ್ರವೂ ಇಲ್ಲ. ಐರ್ಲೆಂಡಿನ ಕಾರ್ಕ್ ಪಕ್ಕದ ಬ್ಯಾಲಿನ್‌ಕೊಲಿಗ್‌ನಲ್ಲಿ ನಮ್ಮ ಎದುರು ಸಾಲಿನಲ್ಲಿ ವರ್ಷಗಟ್ಟಲೆ ಇದ್ದವರು, ಮಗಳು ಡಬ್ಲಿನ್ ಹತ್ತಿರದ ಮೇನೂತ್‌ನಲ್ಲಿ ಕಾಲೇಜು ಸೇರಿದಳೆಂದು ಮನೆ ಖಾಲಿ ಮಾಡಿ ಹೊರಟ ದಿನ ಮಾಡಿದ ಕೊನೆಯ ಕೆಲಸ ಅದು. ಅಲ್ಲೇ ಹತ್ತಿರ ಅವರಿಗೂ ಹೊಸ ಕೆಲಸ ಸಿಕ್ಕಿದೆ. ಮಗಳು ಓದುತ್ತಿರುವುದು ಅಕೌಂಟಿಂಗ್. ಕಲ್ಲು ಮಣ್ಣಿನ ಶಾಸ್ತ್ರ ಓದುತ್ತಿದ್ದಾಳೆ ಅಂತ ಯಾರಾದರೂ ಆಸೆಪಟ್ಟಿದ್ದರೆ ಈಗಲೇ ಬಿಟ್ಟುಬಿಡಿ.

ಗ್ರೂಪಿನಲ್ಲಿ ಎಲ್ಲರೂ ‘ಏನಾಯ್ತು, ಯಾಕೆ ಬಿಟ್ರು’ ಅಂತ ಗಲಾಟೆ ಎಬ್ಬಿಸಿದರು. ಹೊಸ ಅಡ್ಮಿನ್ ಆಗಿ ನಾನು ಮಾಡಬಹುದಾದದ್ದು ಇಷ್ಟೇ, ಅವರು ಎಂಥವರು ಅಂತ ಗೊತ್ತಿಲ್ಲದವರಿಗೆ ಹೇಳುವುದು. ಹೆಸರು ಬರೆಯುವುದಿಲ್ಲ. ಒಂದು ಸಲ ನಾನು ಬರೆಯುತ್ತೇನೆ ಅಂದಾಗ ಅವರೇ ಹೇಳಿದ್ದರು: “ಬರೀರಿ ಮೇಡಂ, ಬೇಡ ಅನ್ನಲ್ಲ. ಹೆಸರು ಮಾತ್ರ ಹಾಕ್ಬೇಡಿ. ನಾಳೆ ಯಾರಾದ್ರೂ ನಮ್ಮ ಮನೆ ಬಾಗ್ಲಿಗೆ ಬಂದು ಡೈನೋಸಾರ್ ಎಲ್ಲಿ ಅಂತ ಕೇಳಿದ್ರೆ ಕಷ್ಟ.” ನಮ್ಮ ಮಕ್ಕಳೆಲ್ಲ ಅವರನ್ನು ಡೈನೋ ಅಂಕಲ್ ಅಂತಲೇ ಕರೆದದ್ದು. ನಾನು ಸರ್ ಅನ್ನುತ್ತಿದ್ದೆ.

ಕುಳ್ಳಗಿನ ಆಳು. ಮುಂದಲೆ ಬೋಳು. ಯಾತ್ರೆಯ ದಿನ ಫ್ಯಾಕ್ಟರಿಯ ಕಿತ್ತಳೆ ಬಣ್ಣದ ಜಾಕೆಟ್ ತೊಟ್ಟು, ಕೊರಳಿಗೊಂದು ಸೀಟಿ ಹಾಕಿಕೊಂಡು ನಿಲ್ಲುತ್ತಿದ್ದರು. ಜನರನ್ನು ಎಣಿಸುವಾಗ ಬಾಯಿ ಅಲ್ಲಾಡುತ್ತಿರಲಿಲ್ಲ, ಹೆಬ್ಬೆರಳು ಮಾತ್ರ ಉಳಿದ ಬೆರಳುಗಳ ಗೆಣ್ಣಿನ ಮೇಲೆ ಸರಿಯುತ್ತಿತ್ತು. ಮನೆಯ ಊಟದ ಮೇಜಿನ ಬಳಿಯೂ ಹಾಗೆ ಎಣಿಸುವುದನ್ನು ನಾನು ನೋಡಿದ್ದೇನೆ. ಮನೆಯಲ್ಲಿ ಇದ್ದದ್ದೇ ಮೂರು ಜನ.

ರಿಂಗಾಸ್ಕಿಡಿಯ ಒಂದು ಔಷಧ ಕಾರ್ಖಾನೆಯಲ್ಲಿ ಯಂತ್ರಗಳು ಹೇಳಿದ ಹಾಗೆ ಕೇಳುತ್ತಿವೆಯೋ ಇಲ್ಲವೋ ಅಂತ ಪರೀಕ್ಷಿಸಿ ಸಹಿ ಹಾಕುವುದು ಅವರ ಉದ್ಯೋಗ. ಕಣ್ಣಾರೆ ಕಾಣದೆ, ಕಾಗದದ ಮೇಲೆ ಬಾರದೆ ಯಾವುದನ್ನೂ ನಂಬಬಾರದ ಕಸುಬು. ಕುಕ್ಕರ್ ಮೂರು ಸಲ ಕೂಗಿತು ಅಂತ ಹೆಂಡತಿ ಹೇಳಿದರೆ, “ಎಣಿಸಿದ್ಯಾ, ಇಲ್ಲ ಅಂದ್ಕೊಂಡ್ಯಾ?” ಅಂತ ಕೇಳಿದ್ದರಂತೆ. ಹೆಂಡತಿ ಮಾರನೆಯ ದಿನದಿಂದ ಕುಕ್ಕರನ್ನು ಅವರ ಸುಪರ್ದಿಗೇ ಬಿಟ್ಟರು. ಹೆಂಡತಿಯದು ನರ್ಸಿಂಗ್ ಹೋಮಿನಲ್ಲಿ ಕೆಲಸ. ಮಾತು ಕಡಿಮೆ, ಆದರೆ ಆಡಿದ ಒಂದು ಮಾತಿಗೆ ಗಂಡ ವಾರವಿಡೀ ಉತ್ತರ ಹುಡುಕಬೇಕು.

ಡೈನೋ ಅಂಕಲ್ ತಂದೆ ತುಮಕೂರಿನಲ್ಲಿ ಯಾತ್ರಾ ಸ್ಪೆಷಲ್ ಬಸ್ಸುಗಳಲ್ಲಿ ಅಡುಗೆಯ ಉಸ್ತುವಾರಿ ನೋಡಿಕೊಳ್ಳುತ್ತಿದ್ದರು. ಬೇಸಿಗೆ ರಜೆ ಬಂತೆಂದರೆ ಇವರೂ ಅದೇ ಬಸ್ಸಿನಲ್ಲಿ. ದೇವರ ಮೇಲೆ ಅಂಥ ಭಕ್ತಿಯೇನೂ ಹುಟ್ಟಲಿಲ್ಲ, ಆದರೆ ಯಾತ್ರೆ ನಡೆಸುವ ಕಾಯಿಲೆ ಅಂಟಿಕೊಂಡಿತು. ಐರ್ಲೆಂಡಿಗೆ ಬಂದ ಮೇಲೆ ಕರೆದೊಯ್ಯಲು ಜನ ಸಿಕ್ಕರು, ಕ್ಷೇತ್ರಗಳು ಸಿಗಲಿಲ್ಲ. ಒಂದು ರಜೆಯ ದಿನ ವೆಕ್ಸ್‌ಫರ್ಡ್‌ನ ಹುಕ್ ಹೆಡ್‌ಗೆ ಹೋಗಿ ಎಲ್ಲರ ಹಾಗೆ ಲೈಟ್‌ಹೌಸ್ ನೋಡುತ್ತಾ ನಿಂತಾಗ, ಕಾಲ ಕೆಳಗಿನ ಬಂಡೆಯ ತುಂಬ ಚಿಪ್ಪುಗಳು, ಗಿಡದ ಕಾಂಡದಂಥ ಉಂಗುರ ಉಂಗುರದ ಕಡ್ಡಿಗಳು ಕಂಡವು. ಎಲ್ಲ ಯಾವುದೋ ಕಾಲದ ಸಮುದ್ರದ ಜೀವಿಗಳು, ಕಲ್ಲಾಗಿ ಕೂತಿವೆ. “ಕಾಲ ಕೆಳಗೆ ಇಷ್ಟು ಇಟ್ಕೊಂಡು ಜನ ಎಲ್ಲ ಮೇಲೆ ನೋಡ್ತಾ ನಿಂತವ್ರೆ” ಅಂತ ಅವರಿಗೆ ಆಶ್ಚರ್ಯವಾಯಿತಂತೆ. ಅಲ್ಲಿಗೆ ಕ್ಷೇತ್ರ ಸಿಕ್ಕಿತು.

ಆಮೇಲೆ ಒಂದೊಂದೇ ಸೇರಿಸುತ್ತಾ ಹೋದರು. ಕೆರಿಯ ವ್ಯಾಲೆನ್ಷಿಯಾ ದ್ವೀಪದಲ್ಲಿ, ಡೈನೋಸಾರ್‌ಗಳಿಗಿಂತ ಎಷ್ಟೋ ಹಿಂದೆ ನೀರು ಬಿಟ್ಟು ದಡಕ್ಕೆ ಬಂದ ಪ್ರಾಣಿಯ ಹೆಜ್ಜೆ ಗುರುತು. ಕ್ಲೇರ್‌ನ ಕಡಲಂಚಿನ ಬಂಡೆಗಳು. ಸ್ಲೈಗೋ ಕಡೆ ಸ್ಟ್ರೀಡಾ ತೀರದಲ್ಲಿ ಕಲ್ಲಾದ ಹವಳ. ಡಬ್ಲಿನ್ನಿನ ಮ್ಯೂಸಿಯಂನಲ್ಲಿ ಮನೆಯ ಬಾಗಿಲಿಗಿಂತ ಅಗಲದ ಕೊಂಬಿನ ಹಳೆಯ ಕಾಲದ ಜಿಂಕೆ. ಹೆಸರು ಡೈನೋ ಯಾತ್ರೆ, ದಾರಿಯಲ್ಲಿ ಡೈನೋಸಾರ್ ಒಂದೂ ಇಲ್ಲ. ಇದು ಮೋಸ ಅಲ್ಲವಾ ಅಂತ ಕೇಳಿದೆ. “ಮಕ್ಕಳು ಕಾರು ಹತ್ಬೇಕಲ್ಲ ಮೇಡಂ? ಚಿಪ್ಪು ಯಾತ್ರೆ ಅಂದ್ರೆ ಯಾರು ಬತ್ತಾರೆ?” ಅಂದರು.

ಅವರ ಯಾತ್ರೆಗೆ ಶಾಸ್ತ್ರಗಳಿದ್ದವು. ನಸುಕಿನಲ್ಲಿ ನಮ್ಮ ಬಡಾವಣೆಯ ಪಾರ್ಕಿಂಗ್‌ನಲ್ಲಿ ಎಲ್ಲ ಕಾರುಗಳೂ ಸಾಲಾಗಿ ನಿಲ್ಲಬೇಕು. ಪ್ರತಿ ಕಾರಿನ ಮುಂದಿನ ಚಕ್ರದ ಕೆಳಗೆ ಒಂದೊಂದು ನಿಂಬೆಹಣ್ಣು. ಮೂಲೆ ಮನೆಯ ಐರಿಷ್ ಅಜ್ಜ ನಾಯಿ ಹಿಡಿದುಕೊಂಡು ಬಂದು ಇದನ್ನು ಬಹಳ ದಿನ ನೋಡಿದ. ಕೊನೆಗೊಂದು ದಿನ ತನ್ನ ಕಾರಿನ ಸರ್ಕಾರಿ ತಪಾಸಣೆ ಇದೆ ಅಂತ ಬಂದು ಒಂದು ನಿಂಬೆಹಣ್ಣು ಕೇಳಿ ತೆಗೆದುಕೊಂಡು ಹೋದ. ಕಾರು ಪಾಸಾಯಿತು. ಅಂದಿನಿಂದ ನಮ್ಮ ಯಾತ್ರೆಗೆ ಬೀಳ್ಕೊಡಲು ಅವನೂ ಬಂದು ನಿಲ್ಲುತ್ತಿದ್ದ.

ಎರಡನೆಯ ಶಾಸ್ತ್ರ, ದರ್ಶನ ಆಗದೆ ಊಟ ಇಲ್ಲ. ಚಿತ್ರಾನ್ನದ ಪೊಟ್ಟಣಗಳು ಅವರ ಡಿಕ್ಕಿಯಲ್ಲಿ, ಬೀಗದ ಕೈ ಅವರ ಜೇಬಿನಲ್ಲಿ. ಮಕ್ಕಳು ಹಿಂದಿನ ಸೀಟಿನಲ್ಲಿ ತಲೆ ಬಗ್ಗಿಸಿ ಸದ್ದಿಲ್ಲದೆ ಚಿಪ್ಸ್ ತಿನ್ನುವುದನ್ನು ಕಲಿತದ್ದು ಹಾಗೆ. ಜಿಟಿಜಿಟಿ ಮಳೆ ಶುರುವಾದರೆ ನಾವೆಲ್ಲ ಕಾರಿನಲ್ಲೇ ಕೂರಲು ನೆಪ ಹುಡುಕುತ್ತಿದ್ದೆವು. ಅವರು ಕಿಟಕಿಗೆ ತಟ್ಟಿ, “ಇದು ಮಳೆ ಅಲ್ಲ, ಪ್ರೋಕ್ಷಣೆ. ಇಳೀರಿ ಇಳೀರಿ, ಎಲ್ಲ ಗ್ರ್ಯಾಂಡ್ ಐತೆ” ಅನ್ನುತ್ತಿದ್ದರು. ಕಾರ್ಕಿನ ಜನರಿಂದ ಅವರು ಕಲಿತ ಒಂದೇ ಪದ ಗ್ರ್ಯಾಂಡ್, ಅಂದರೆ ಪರವಾಗಿಲ್ಲ, ಚೆನ್ನಾಗಿದೆ ಅಂತ. ಜ್ವರ ಬಂದಾಗಲೂ ಅದನ್ನೇ ಹೇಳುತ್ತಿದ್ದರು.

ಮೂರನೆಯದು ಸಾಲು. ವ್ಯಾಲೆನ್ಷಿಯಾದಲ್ಲಿ ಸಮುದ್ರಕ್ಕೆ ಇಳಿಯುವ ದಾರಿಯ ತುದಿಯಲ್ಲಿ ಆ ಹೆಜ್ಜೆಗಳಿರುವ ಬಂಡೆ ಇದೆ. ನಾವು ಹೋದ ದಿನ ಅಲ್ಲಿ ಒಂದು ನರಪಿಳ್ಳೆಯೂ ಇರಲಿಲ್ಲ. ಆದರೂ ಸೀಟಿ ಊದಿ, “ಸಾಲಾಗಿ ಬನ್ನಿ, ಒಬ್ಬೊಬ್ರೇ, ನೋಡಿದವ್ರು ಎಡಗಡೆಯಿಂದ ಹೊರಡಿ” ಅಂದರು. ಬಯಲಿನಲ್ಲಿ ನಾವು ಇಪ್ಪತ್ತು ಜನ ಒಬ್ಬರ ಹಿಂದೊಬ್ಬರು ನಿಂತೆವು. ಸ್ವಲ್ಪ ಹೊತ್ತಿಗೆ ಒಂದು ಅಮೆರಿಕನ್ ದಂಪತಿ ಬಂದು, ಇಲ್ಲಿ ಹೀಗೇ ಇರಬೇಕು ಅಂದುಕೊಂಡು ಸಾಲಿನ ಕೊನೆಗೆ ನಿಂತರು. ಅವರ ಹಿಂದೆ ಇನ್ನೊಂದು ಸಂಸಾರ. ಟಿಕೆಟ್ ಎಲ್ಲಿ ಕೊಡುತ್ತಾರೆ ಅಂತ ಆ ಅಮೆರಿಕನ್ ಕೇಳಿದಾಗ ಇವರು ಗಂಭೀರವಾಗಿ ಇಂಗ್ಲಿಷಿನಲ್ಲಿ, ಇದು ಧರ್ಮದರ್ಶನ, ಟಿಕೆಟ್ ಇಲ್ಲ ಅಂತ ವಿವರಿಸಿದರು. ಅವರಿಗೂ ಕೊನೆಯಲ್ಲಿ ಚಿತ್ರಾನ್ನ ಸಿಕ್ಕಿತು.

ನಗುವುದು ಸುಲಭ, ನಾವೂ ಬೇಕಾದಷ್ಟು ನಕ್ಕಿದ್ದೇವೆ. ಆದರೆ ಒಂದು ವಿಷಯದಲ್ಲಿ ಅವರ ಹತ್ತಿರ ಆಟ ನಡೆಯುತ್ತಿರಲಿಲ್ಲ. ಕ್ಲೇರ್‌ಗೆ ಹೋದಾಗ ನನ್ನ ಗಂಡ ರಘು ಚಿಪ್ಪಿನ ಗುರುತಿದ್ದ ಒಂದು ಪುಟ್ಟ ಕಲ್ಲನ್ನು ಜೇಬಿಗೆ ಹಾಕಿಕೊಂಡಿದ್ದ. ವಾಪಸು ಬರುವಾಗ ದಾರಿಯಲ್ಲಿ ಚಹಾಕ್ಕೆ ನಿಂತಲ್ಲಿ, ಜಂಬಕ್ಕೆ ತೆಗೆದು ತೋರಿಸಿದ. ಅವರು ಕಪ್ ಕೆಳಗಿಟ್ಟರು. “ರಘು ಸರ್, ಎಲ್ಲರೂ ಒಂದೊಂದು ತಗೊಂಡ್ರೆ ನಾನು ಮುಂದಿನ ವರ್ಷ ಏನು ತೋರಿಸ್ಲಿ?” ಅಂದರು. ಅಷ್ಟೇ. ಬೈಯಲಿಲ್ಲ. ಉಳಿದ ಕಾರುಗಳನ್ನು ಊರಿಗೆ ಕಳಿಸಿ, ತಾವೂ ನಮ್ಮ ಕಾರು ಹತ್ತಿ, ಬಂದ ದಾರಿಯಲ್ಲೇ ವಾಪಸು ಕರೆದುಕೊಂಡು ಹೋಗಿ ಆ ಕಲ್ಲನ್ನು ಎತ್ತಿದ ಜಾಗದಲ್ಲೇ ಇಡಿಸಿದರು. ರಘು ದಾರಿಯುದ್ದಕ್ಕೂ ಗೊಣಗಿದ. ಅವರು ಹಿಂದಿನ ಸೀಟಿನಲ್ಲಿ ಹಾಯಾಗಿ ನಿದ್ದೆ ಮಾಡಿದರು.

ಇಂಥ ಮನುಷ್ಯ ತನ್ನ ಮಗಳಿಗೆ ಒಂದು ಮಾತು ಕೊಟ್ಟು ಸಿಕ್ಕಿಹಾಕಿಕೊಂಡದ್ದೇ ನಾನು ಹೇಳಬೇಕಾದ ಕತೆ.

ಮಗಳು ಪೂರ್ವಿ ಹುಟ್ಟಿದ್ದು ಕಾರ್ಕಿನಲ್ಲಿ. ಆರು ವರ್ಷದವಳಿದ್ದಾಗ ಶಾಲೆಯಲ್ಲಿ, ನಮ್ಮಪ್ಪ ಎಲ್ಲರಿಗೂ ಡೈನೋಸಾರ್ ತೋರಿಸುತ್ತಾರೆ ಅಂದಳು. ಐರ್ಲೆಂಡಿನಲ್ಲಿ ಡೈನೋಸಾರ್ ಎಲ್ಲಿದೆ ಅಂತ ತರಗತಿಯೆಲ್ಲ ನಕ್ಕಿತು. ಮಗು ಅಳುತ್ತಾ ಮನೆಗೆ ಬಂತು. ಅಪ್ಪ ಪುಸ್ತಕ ಹುಡುಕಿದರು, ಯಾರು ಯಾರಿಗೋ ಇಮೇಲ್ ಮಾಡಿದರು. ಕೊನೆಗೆ ತಿಳಿದದ್ದು ಇದು: ಈ ಇಡೀ ದ್ವೀಪದಲ್ಲಿ ಸಿಕ್ಕಿರುವ ಡೈನೋಸಾರ್ ಅಂದರೆ ಎರಡೇ ಎರಡು ಮೂಳೆ. ಎರಡೂ ಉತ್ತರದ ಆಂಟ್ರಿಮ್ ತೀರದಲ್ಲಿ ಸಿಕ್ಕವು. ಇರುವುದು ಬೆಲ್‌ಫಾಸ್ಟ್‌ನ ಮ್ಯೂಸಿಯಂನಲ್ಲಿ. ಅವರು ಮಗಳನ್ನು ತೊಡೆಯ ಮೇಲೆ ಕೂರಿಸಿಕೊಂಡು, “ನಾನೇ ಕರ್ಕೊಂಡು ಹೋಗಿ ತೋರಿಸ್ತೀನಿ. ನಿಮ್ಮ ಕ್ಲಾಸಲ್ಲಿ ಮೊದ್ಲು ನೋಡೋಳು ನೀನೇ” ಅಂದರು.

ಊರಲ್ಲಿರುವವರಿಗೆ ಇದರಲ್ಲಿ ತೊಡಕೇನು ಅನ್ನಿಸಬಹುದು. ಕಾರು ಹತ್ತಿದರೆ ಊಟದ ಹೊತ್ತಿಗೆ ಬೆಲ್‌ಫಾಸ್ಟ್. ಆದರೆ ದ್ವೀಪ ಒಂದಾದರೂ ಬೆಲ್‌ಫಾಸ್ಟ್ ಇರುವುದು ಬ್ರಿಟನ್ನಿನ ಪಾಲಿನಲ್ಲಿ. ಭಾರತದ ಪಾಸ್‌ಪೋರ್ಟ್ ಇರುವವರಿಗೆ ಅಲ್ಲಿಗೆ ಬೇರೆ ವೀಸಾ ಬೇಕು. ಗಡಿಯಲ್ಲಿ ಮಾತ್ರ ಗೇಟೂ ಇಲ್ಲ, ಪೊಲೀಸೂ ಇಲ್ಲ, ಒಂದು ಗೆರೆಯೂ ಇಲ್ಲ. ನಮ್ಮ ಪೈಕಿ ಎಷ್ಟೋ ಜನ ಗಡಿಯಾಚೆಯ ನ್ಯೂರಿಗೆ ಹೋಗಿ ಶಾಪಿಂಗ್ ಮಾಡಿ ಬಂದಿದ್ದಾರೆ. ಯಾರು ಕೇಳ್ತಾರೆ ಸರ್, ಹೋಗಿ ಬನ್ನಿ ಅಂದರೆ ಅವರು, “ಗೇಟ್ ಇಲ್ಲ ಅಂತ ಪಕ್ಕದ ಮನೆ ಒಳಗೆ ನುಗ್ಗಕ್ಕಾಗುತ್ತಾ?” ಅನ್ನುತ್ತಿದ್ದರು. ಕಲ್ಲು ವಾಪಸು ಇಡಿಸಿದ ಮನುಷ್ಯನಿಂದ ಇನ್ನೇನು ಉತ್ತರ ಬರಲು ಸಾಧ್ಯ?

ವೀಸಾಕ್ಕೆ ಅರ್ಜಿ ಹಾಕಿದರು. ಯಾಕೆ ಹೋಗುತ್ತಿದ್ದೀರಿ ಅನ್ನುವ ಕಡೆ, ಎರಡು ಮೂಳೆ ನೋಡುವುದಕ್ಕೆ ಅಂತ ಬರೆದರು. ನಂಬಿಕೆ ಬರುವಂಥ ಕಾರಣ ಅಲ್ಲ ಅಂತ ಅರ್ಜಿ ವಾಪಸು ಬಂತು. ನಾವೆಲ್ಲ ಹೊಟ್ಟೆ ಹಿಡಿದುಕೊಂಡು ನಕ್ಕೆವು. ಫ್ರೆಂಡ್ಸ್ ಮನೆಗೆ ಅಂತ ಬರೀಬಾರ್ದಿತ್ತಾ ಅಂತ ರಘು ಕೇಳಿದ. “ಸುಳ್ಳು ಬರೆದು ಹೋಗಿ ಮಗಳಿಗೆ ಏನು ತೋರಿಸ್ಲಿ ಸರ್?” ಅಂದರು. ಅವತ್ತು ಅವರ ಮುಖದಲ್ಲಿ ನಗು ಇರಲಿಲ್ಲ. ಇನ್ನೊಂದು ಸಲ ಅರ್ಜಿ ಹಾಕಲು ಸ್ವಾಭಿಮಾನ ಬಿಡಲಿಲ್ಲ.

ಉಳಿದದ್ದು ಒಂದೇ ದಾರಿ, ಐರಿಷ್ ಪೌರತ್ವ. ಅದಕ್ಕೆ ಬೇಕಾದಷ್ಟು ವರ್ಷ ಇಲ್ಲಿ ಇದ್ದಾಗಿತ್ತು. ಆದರೆ ಅದು ಸಿಕ್ಕ ದಿನ ಭಾರತದ ಪಾಸ್‌ಪೋರ್ಟ್ ಬಿಡಬೇಕು. ನಾನೂ ರಘುವೂ ಒಂದು ವರ್ಷ ಯೋಚಿಸಿ ಬಿಟ್ಟುಕೊಟ್ಟವರು. ಅವರಿಗೆ ಆಗಲಿಲ್ಲ. “ಅದರಲ್ಲಿ ನಮ್ಮಪ್ಪನ ಹೆಸರು ಐತೆ ಮೇಡಂ. ಹೊಸದ್ರಲ್ಲಿ ಅಪ್ಪನ ಹೆಸರು ಹಾಕೋ ಜಾಗನೇ ಇಲ್ಲ” ಅಂದರು. ಮುಂದಿನ ವರ್ಷ ನೋಡೋಣ ಅಂದರು. ಮುಂದಿನ ವರ್ಷವೂ ಅದನ್ನೇ ಅಂದರು.

ಈ ನಡುವೆ ಯಾತ್ರೆಯ ಕೊನೆಯ ನಿಲ್ದಾಣ ಅಂತ ಅವರು ಒಮೀತ್ ಸೇರಿಸಿಕೊಂಡರು. ಲೌತ್ ಜಿಲ್ಲೆಯ ತುದಿಯ ಊರು ಅದು. ಮುಂದೆ ಕಿರಿದಾದ ಸಮುದ್ರದ ಸೆರಗು, ಆಚೆ ದಡದಲ್ಲಿ ಉತ್ತರ. ಅಲ್ಲಿ ಪಳೆಯುಳಿಕೆ ಅನ್ನುವಂಥದ್ದು ಏನೂ ಇಲ್ಲ. ನೀರಿನ ಅಂಚಿಗೆ ನಿಂತು, ಆಚೆಯ ಬೆಟ್ಟಗಳ ಕಡೆ ಕೈ ತೋರಿಸಿ, “ಅದರ ಹಿಂದೆ ಬೆಲ್‌ಫಾಸ್ಟ್. ಅಲ್ಲೈತೆ ನಮ್ಮ ಡೈನೋಸಾರ್” ಅನ್ನುತ್ತಿದ್ದರು. ಬಾಗಿಲು ಹಾಕಿದ ಗುಡಿಯ ಮುಂದೆ ಗೋಪುರ ನೋಡಿ ಕೈ ಮುಗಿಯುತ್ತೇವಲ್ಲ, ಹಾಗೆ. ಪುಟ್ಟ ಪೂರ್ವಿ ಅವರ ಭುಜದ ಮೇಲೆ ಕೂತು ಆ ಕಡೆಗೆ ಟಾಟಾ ಮಾಡುತ್ತಿದ್ದಳು.

ಮಕ್ಕಳು ಮುಂದಿನ ವರ್ಷಕ್ಕೆ ಕಾಯುವುದಿಲ್ಲ. ಮೊದಲು ಅವಳು ಭುಜದಿಂದ ಇಳಿದಳು. ಆಮೇಲೆ ಅಪ್ಪನ ಕಾರು ಬಿಟ್ಟು ಗೆಳತಿಯರ ಕಾರು ಹತ್ತಿದಳು. ಆಮೇಲೆ ಕಿವಿಗೆ ಇಯರ್‌ಫೋನ್ ಬಂತು. ನಾವು ಕನ್ನಡದಲ್ಲಿ ಕೇಳಿದ್ದಕ್ಕೆಲ್ಲ ಅಪ್ಪಟ ಕಾರ್ಕಿನ ರಾಗದಲ್ಲಿ ಇಂಗ್ಲಿಷ್ ಉತ್ತರ. ಒಂದು ಸಲ ಒಮೀತ್‌ನಲ್ಲಿ ಎಲ್ಲರೂ ಇಳಿದರೂ ಅವಳು ಇಳಿಯಲಿಲ್ಲ. ಅಪ್ಪ ಕಿಟಕಿಗೆ ತಟ್ಟಿದರು. ಗಾಜು ಅರ್ಧ ಇಳಿಸಿ, “ಐ ಆಮ್ ಗ್ರ್ಯಾಂಡ್ ಹಿಯರ್, ಅಪ್ಪ. ನೀವು ಹೋಗಿ” ಅಂದಳು. ಒರಟಾಗಿ ಹೇಳಲಿಲ್ಲ, ನೆಂಟರಿಗೆ ಹೇಳುವ ಹಾಗೆ ಮರ್ಯಾದೆಯಿಂದ ಹೇಳಿದಳು. ಅವರು ನೀರಿನ ಅಂಚಿಗೆ ಹೋದರು, ಆದರೆ ಅವತ್ತು ಬೆಟ್ಟದ ಕಡೆ ಕೈ ತೋರಿಸಲಿಲ್ಲ. ಜಾಕೆಟ್ಟಿನ ಜಿಪ್ ಏರಿಸುತ್ತಾ ಇಳಿಸುತ್ತಾ ನಿಂತರು. ನನಗೆ ನಿಜಕ್ಕೂ ಸಂಕಟವಾಯಿತು.

ವಾಪಸು ಬಂದ ವಾರವೇ ಗಂಡ ಹೆಂಡತಿ ಇಬ್ಬರೂ ಪೌರತ್ವಕ್ಕೆ ಅರ್ಜಿ ಹಾಕಿದರು. ಅಪ್ಪನ ಹೆಸರು ಅಂತಿದ್ರಲ್ಲ ಅಂತ ನಾನು ಕೇಳಿಬಿಟ್ಟೆ. “ಅಪ್ಪಂಗೆ ಅರ್ಥ ಆಗುತ್ತೆ. ಮಗಳಿಗೆ ಕೊಟ್ಟ ಮಾತು ಉಳಿಸ್ಕೊಳ್ಳೋಕೆ ಅಂತ ಹೇಳ್ತೀನಿ” ಅಂದರು. ತೀರಿಹೋದ ತಂದೆಯ ಜೊತೆ ಅವರ ಲೆಕ್ಕಾಚಾರ ಯಾವಾಗಲೂ ಹೀಗೇ ನಡೆಯುತ್ತಿತ್ತು.

ಅರ್ಜಿ ಎಲ್ಲೆಲ್ಲೋ ಕೂತು, ಎದ್ದು, ಮುಂದಕ್ಕೆ ಹೋಗುವ ಹೊತ್ತಿಗೆ ಪೂರ್ವಿಗೆ ಹದಿನಾರು ದಾಟಿತ್ತು. ಕಿಲಾರ್ನಿಯಲ್ಲಿ ಪ್ರಮಾಣ ವಚನ. ಸಾವಿರಾರು ಜನರ ನಡುವೆ ಅವರು ಸೂಟು ಹಾಕಿಕೊಂಡು ಕೈ ಎತ್ತಿ ನಿಂತದ್ದನ್ನು ನಾವು ಹಿಂದಿನಿಂದ ನೋಡಿದೆವು. ಕೆಲವು ವಾರಗಳ ಮೇಲೆ ಹಳೆಯ ಪಾಸ್‌ಪೋರ್ಟ್ ರದ್ದಾದ ಮುದ್ರೆಯೊಂದಿಗೆ ಮನೆಗೆ ವಾಪಸು ಬಂತು. ಅದನ್ನು ನನಗೆ ತೋರಿಸುವಾಗ ಅತ್ತರು. ಕಣ್ಣು ಒರೆಸಿಕೊಂಡು, “ಎರಡು ಮೂಳೆಗೆ ದೇಶನೇ ಬಿಟ್ಟ ಅಂತ ತುಮಕೂರಲ್ಲಿ ಹೇಳ್ಬೇಡಿ ಮತ್ತೆ” ಅಂದರು.

ಬೆಲ್‌ಫಾಸ್ಟ್ ಯಾತ್ರೆಗೆ ಎರಡೇ ಮನೆಯವರು ಹೊರಟೆವು. ಪೂರ್ವಿ ಬರುವುದಿಲ್ಲ ಅಂತಲೇ ಎಲ್ಲರೂ ಅಂದುಕೊಂಡಿದ್ದೆವು. ನಿಂಬೆಹಣ್ಣು ಇಡುವ ಹೊತ್ತಿಗೆ ಕೆಳಗಿಳಿದು ಬಂದು, ಮುಂದಿನ ಸೀಟಿನಲ್ಲಿ ಅಪ್ಪನ ಪಕ್ಕ ಕೂತಳು. ಇಯರ್‌ಫೋನ್ ಇರಲಿಲ್ಲ. ಗಡಿ ದಾಟುವುದು ಅಂದರೆ ವೇಗದ ಬೋರ್ಡಿನಲ್ಲಿ ಕಿಲೋಮೀಟರ್ ಹೋಗಿ ಮೈಲಿ ಬರುತ್ತದೆ, ಅಷ್ಟೇ. ಅಲ್ಲಿಗೆ ಬರುತ್ತಿದ್ದಂತೆ ಅವರ ಕಾರು ನಿಧಾನವಾಯಿತು. ಹಿಂದಿನ ಕಾರಿನಲ್ಲಿದ್ದ ನಮಗೆ ಕಂಡದ್ದು, ಕಿಟಕಿಯಿಂದ ಹೊರಗೆ ಚಾಚಿದ ಒಂದು ಕೈ, ಕೈಯಲ್ಲಿ ಹೊಸ ಪಾಸ್‌ಪೋರ್ಟ್. ನೋಡಲು ಯಾರೂ ಇರಲಿಲ್ಲ. ನಮ್ಮ ಹಿಂದಿನ ಲಾರಿಯವನು ಹಾರ್ನ್ ಹೊಡೆದ.

ಮ್ಯೂಸಿಯಂ ಒಳಗೆ ಹೋದರೆ ಒಂದು ಭಾರಿ ಅಸ್ಥಿಪಂಜರ ನಿಂತಿತ್ತು. ರಘು ಫೋನ್ ತೆಗೆದು ಫೋಟೋಕ್ಕೆ ಶುರುಮಾಡಿದ. ಡೈನೋ ಅಂಕಲ್ ಅದರ ಕಡೆ ಕಣ್ಣು ಹಾಯಿಸಿ, “ಅದು ಅಮೆರಿಕದ್ದು. ನಮ್ಮ ಥರ, ಹೊರಗಿಂದ ಬಂದಿರೋದು” ಅಂದರು. ಗೋಡೆಯ ಮೇಲಿನ ನಕ್ಷೆ ಓದಲು ಕನ್ನಡಕ ಹುಡುಕುತ್ತಾ ಜೇಬು ತಡಕಾಡಿದರು. ಅಷ್ಟರಲ್ಲಿ ಪೂರ್ವಿ, “ಕಮ್ ಆನ್ ಅಪ್ಪ, ದಿಸ್ ವೇ” ಅಂದು ಮುಂದೆ ನಡೆದಳು. ಆ ದೊಡ್ಡ ಪಂಜರದ ಹತ್ತಿರ ನಿಲ್ಲಲಿಲ್ಲ. ಒಂದು ಮೂಲೆ ತಿರುಗಿದಳು, ಒಂದು ಕೋಣೆ ದಾಟಿದಳು, ಒಂದು ಗಾಜಿನ ಪೆಟ್ಟಿಗೆಯ ಮುಂದೆ ನಿಂತಳು. ಎಲ್ಲೂ ತಡವರಿಸಲಿಲ್ಲ.

ನಾನು ಅವರ ಹೆಂಡತಿಯ ಮುಖ ನೋಡಿದೆ. ಅವರು ನನ್ನ ತೋಳು ಹಿಡಿದು ಸ್ವಲ್ಪ ಹಿಂದಕ್ಕೆ ಎಳೆದರು. “ಹೋದ ವರ್ಷ ಸ್ಕೂಲ್ ಟ್ರಿಪ್ ಇಲ್ಲಿಗೇ ಬಂದಿತ್ತು. ಅವಳ ಪಾಸ್‌ಪೋರ್ಟ್ ಐರಿಷ್ ಅಲ್ವಾ, ಅವಳಿಗೇನು. ಅವಳಪ್ಪಂಗೆ ಡಬ್ಲಿನ್ ಅಂತ ಹೇಳಿ ಕಳಿಸ್ದೆ. ಬಂದು ರೂಮಲ್ಲಿ ಕೂತು ಅತ್ತಳು. ಅಪ್ಪಂಗೆ ಯಾವತ್ತೂ ಹೇಳ್ಬೇಡಮ್ಮ ಅಂದ್ಳು” ಅಂದರು. ಅವಳು ಅತ್ತ ಹೊತ್ತಿಗೆ ಇವರ ಅರ್ಜಿ ಯಾವುದೋ ಕಚೇರಿಯ ಮೇಜಿನ ಮೇಲಿತ್ತು.

ಪೆಟ್ಟಿಗೆಯೊಳಗೆ ಎರಡು ತುಂಡು. ಕಪ್ಪಗೆ, ಮುರಿದ ಕಬ್ಬಿನ ಜಲ್ಲೆಯಷ್ಟು. ಗೊತ್ತಿಲ್ಲದವರು ತಿರುಗಿಯೂ ನೋಡುವುದಿಲ್ಲ. ಅವರು ಗಾಜಿನ ಹತ್ತಿರ ಹೋಗಿ ನಿಂತರು. ಒಂದೊಂದು ಕಲ್ಲಿನ ಮುಂದೆ ಅರ್ಧ ಗಂಟೆ ಮಾತಾಡುತ್ತಿದ್ದ ಮನುಷ್ಯ ಹೆಬ್ಬೆರಳನ್ನು ಗೆಣ್ಣಿನ ಮೇಲೆ ಎರಡೇ ಸಲ ಸರಿಸಿದರು.

“ಅಪ್ಪ,” ಅಂದಳು ಪೂರ್ವಿ, ಕನ್ನಡದಲ್ಲಿ. ಅಕ್ಷರಗಳು ಅಲ್ಲಲ್ಲಿ ಕಾರ್ಕಿನ ಕಡೆ ವಾಲುತ್ತಿದ್ದವು. “ಇದು ಯಾವ ಡೈನೋಸಾರ್? ನನಗೆ ಹೇಳು.”

ಅವರು ಹೇಳಿದರು. ಒಂದು ಗಿಡ ತಿನ್ನುವ ಪ್ರಾಣಿಯದು, ಒಂದು ಮಾಂಸ ತಿನ್ನುವುದರದು ಅಂದರು. ಸತ್ತ ಮೇಲೆ ಸಮುದ್ರಕ್ಕೆ ಬಿದ್ದು ಕೆಸರಿನಲ್ಲಿ ಹೂತುಹೋದದ್ದು, ಒಬ್ಬರು ಮೇಷ್ಟ್ರು ಕಡಲ ದಂಡೆಯಲ್ಲಿ ನಡೆಯುವಾಗ ಕಣ್ಣಿಗೆ ಬಿದ್ದದ್ದು, ಕಲ್ಲೋ ಮೂಳೆಯೋ ಅಂತ ವರ್ಷಗಟ್ಟಲೆ ಅನುಮಾನದಲ್ಲಿ ಉಳಿದದ್ದು, ಎಲ್ಲ ಹೇಳಿದರು. ಆರು ವರ್ಷದ ಮಗುವಿಗೆ ಅಂತ ಕಟ್ಟಿಟ್ಟಿದ್ದ ಮಾತುಗಳನ್ನೇ ಹೇಳಿದರು, “ಅದಕ್ಕೆ ಪಾಪ ದೋಣಿ ಇರ್ಲಿಲ್ಲ ಕಣಮ್ಮ” ಅನ್ನುವುದನ್ನೂ ಬಿಡದೆ. ಅವಳು ಒಂದು ಸಲವೂ ಫೋನ್ ತೆಗೆಯಲಿಲ್ಲ. ಕಣ್ಣರಳಿಸಿಕೊಂಡು ಕೇಳಿದಳು, ನಡುನಡುವೆ ಪ್ರಶ್ನೆ ಕೇಳಿದಳು, ಆಮೇಲೆ ಏನಾಯ್ತು ಅಂದಳು. ನಾನು ಪಕ್ಕದ ಪೆಟ್ಟಿಗೆಯಲ್ಲಿದ್ದ ಯಾವುದೋ ಸೀಗಡಿಯ ಪಳೆಯುಳಿಕೆ ನೋಡುವ ನೆಪದಲ್ಲಿ ಕಣ್ಣು ಒರೆಸಿಕೊಂಡೆ.

ದರ್ಶನ ಆಯಿತು, ಇನ್ನು ಊಟ. ಮ್ಯೂಸಿಯಂ ಪಕ್ಕದ ಉದ್ಯಾನದಲ್ಲಿ ಬೆಂಚು ಹಿಡಿದೆವು. ಪೂರ್ವಿ ಅಮ್ಮನ ಜೊತೆ ಚಹಾ ತರಲು ಹೋದಳು, ರಘು ಪಾರ್ಕಿಂಗ್ ಟಿಕೆಟ್ಟಿನ ಚಿಂತೆಯಲ್ಲಿ ಕಾರಿನ ಕಡೆ ಓಡಿದ. ಅವರು ಚಿತ್ರಾನ್ನದ ಪೊಟ್ಟಣಗಳನ್ನು ಬೆಂಚಿನ ಮೇಲೆ ಹರಡಿ ಒಂದೊಂದಾಗಿ ಬಿಚ್ಚಿದರು.

“ಅವಳು ಮುಂಚೆನೇ ಬಂದು ನೋಡಿದಾಳೆ ಮೇಡಂ,” ಅಂದರು.

ನಾನು ಚಹಾ ತರಲು ಹೋದವರ ಕಡೆ ತಿರುಗಿ ನೋಡಿದೆ.

“ನಾನು ಎಷ್ಟು ಜನರನ್ನ ಎಷ್ಟು ಜಾಗಕ್ಕೆ ಕರ್ಕೊಂಡು ಹೋಗಿದೀನಿ. ಮೊದಲ್ನೇ ಸಲ ಬಂದೋರು ಹಂಗೆ ನಡೆಯಲ್ಲ.”

“ಬೇಜಾರಾಯ್ತಾ ಸರ್?”

ಅವರು ಒಂದು ಪೊಟ್ಟಣದಲ್ಲಿದ್ದ ಕಡಲೆಬೀಜಗಳನ್ನು ಆರಿಸಿ ಆರಿಸಿ ಇನ್ನೊಂದಕ್ಕೆ ಹಾಕಿದರು. ಮಗಳಿಗೆ ಕಡಲೆಬೀಜ ಇಷ್ಟ ಅನ್ನುವುದು ನನಗೂ ಗೊತ್ತಿತ್ತು.

“ಅವಳ ಮುಖ ನೋಡಿದ್ರಾ? ನನಗೋಸ್ಕರ ಇನ್ನೊಂದು ಸಲ ಮೊದಲ್ನೇ ಸಲ ನೋಡಿದ್ಲು. ಅವಳು ನೋಡಿಲ್ಲ ಅಂತಲೇ ಇರ್ಲಿ. ನಾನು ಕೇಳಲ್ಲ, ನೀವೂ ಕೇಳ್ಬೇಡಿ.”

ಪೂರ್ವಿ ಎರಡೂ ಕೈಯಲ್ಲಿ ಚಹಾದ ಕಪ್ ಹಿಡಿದುಕೊಂಡು ಹುಲ್ಲಿನ ಮೇಲೆ ನಿಧಾನವಾಗಿ ಬಂದಳು. ಅವರು ಪಕ್ಕಕ್ಕೆ ಸರಿದು ಜಾಗ ಮಾಡಿ, ಕಡಲೆಬೀಜ ತುಂಬಿದ ಪೊಟ್ಟಣವನ್ನು ಅವಳ ಮುಂದಿಟ್ಟು, “ಹೆಂಗಿತ್ತಮ್ಮ ಡೈನೋಸಾರ್?” ಅಂತ ಕೇಳಿದರು.

“ನಾನು ಅಂದ್ಕೊಂಡಿದ್ದಕ್ಕಿಂತ ದೊಡ್ಡದು ಅಪ್ಪ,” ಅಂದಳು.